ಚೆಸ್‌ನಲ್ಲಿ ಅಕ್ಕನ ಮಗಳು ಟ್ರಾಕ್ಸ್ಲರ್ ಆಡಿ 12 ನಡೆಯಲ್ಲಿ ಗೆದ್ದಳು, ಕೋಚ್ ಬೈದರು. ನೀವೇನಂತೀರಿ?

ಮಂಡಕ್ಕಿ ಮಾಮ, ದಾವಣಗೆರೆ
ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಇವತ್ತು ನಮ್ಮೂರಲ್ಲಿ ಒಂದು ದಿನದ ರ‍್ಯಾಪಿಡ್ ಚೆಸ್ ಟೂರ್ನಿ ಇತ್ತು. ಪಿ.ಬಿ. ರಸ್ತೆ ಕಡೆಯ ಒಂದು ಕಲ್ಯಾಣ ಮಂಟಪ. 7 ಸುತ್ತು. ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 5 ಸೆಕೆಂಡ್ ಜಾಸ್ತಿ. ಹಿಂದಿನ ದಿನ ಮದುವೆ ಆಗಿತ್ತು ಅಂತ ಕಾಣುತ್ತೆ, ಬಾಗಿಲ ಕಂಬಕ್ಕೆ ಕಟ್ಟಿದ್ದ ಬಾಳೆಕಂದು ಜೋತುಬಿದ್ದಿತ್ತು. ಊಟದ ಟೇಬಲ್ ಮೇಲೇ ಬೋರ್ಡ್ ಹಾಸಿದ್ದರು.

ನನ್ನ ಅಕ್ಕನ ಮಗಳು 7ನೇ ಕ್ಲಾಸ್. ಐದನೇ ಸುತ್ತಲ್ಲಿ ಅವಳಿಗೆ ಕಪ್ಪು ಕಾಯಿ. ಎದುರಿಗೆ ನಲವತ್ತರ ಆಸುಪಾಸಿನ ಒಬ್ಬರು. ಆಡೋ ಜಾಗಕ್ಕೆ ನಮ್ಮನ್ನು ಬಿಡಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತು ಕತ್ತು ಚಾಚಿ ನೋಡುತ್ತಿದ್ದೆ. ನಾನು ಟೀ ತಂದು ಕುಡಿಯೋದರೊಳಗೆ ಆಟ ಮುಗಿದಿತ್ತು! ಆಮೇಲೆ ಅವಳ ಸ್ಕೋರ್ ಶೀಟ್ ನೋಡಿ ಬರೆಯುತ್ತಿದ್ದೇನೆ. (ಎ ಇಂದ ಎಚ್ ಉದ್ದ ಸಾಲು, 1ರಿಂದ 8 ಅಡ್ಡ ಸಾಲು, ಎರಡೂ ಸೇರಿದ್ರೆ ಮನೆಯ ಹೆಸರು.)

ಬಿಳಿ ಇ4, ಕಪ್ಪು ಇ5. ಬಿಳಿ ಕುದುರೆ ಎಫ್3, ಕಪ್ಪು ಕುದುರೆ ಸಿ6. ಬಿಳಿ ಒಂಟೆ ಸಿ4, ಕಪ್ಪು ಕುದುರೆ ಎಫ್6. ಇಲ್ಲಿವರೆಗೆ ಊರೆಲ್ಲ ಆಡೋದೇ. 4ನೇ ನಡೆ ಬಿಳಿ ಕುದುರೆ ಜಿ5ಕ್ಕೆ ಹಾರಿತು. ಎಫ್7 ಮೇಲೆ ಕುದುರೆ, ಒಂಟೆ ಎರಡರ ಕಣ್ಣೂ ಬಿತ್ತು. ಎಲ್ಲರೂ ಇಲ್ಲಿ ಡಿ5 ತಳ್ಳಿ ಒಂಟೆಗೆ ಅಡ್ಡ ಹಾಕುತ್ತಾರೆ. ಇವಳು ಎಫ್7 ಕಡೆ ತಿರುಗಿಯೂ ನೋಡದೆ ಒಂಟೆಯನ್ನು ಸಿ5ಕ್ಕೆ ಇಟ್ಟಳು. ಇದಕ್ಕೇ ಟ್ರಾಕ್ಸ್ಲರ್ ಅನ್ನೋದು.

5ನೇ ನಡೆ ಬಿಳಿ ಕುದುರೆ ಎಫ್7 ಹೊಡೆಯಿತು, ರಾಣಿಗೂ ಆನೆಗೂ ಒಟ್ಟಿಗೇ ಗುರಿ. ಇವಳು ಒಂಟೆಯಿಂದ ಎಫ್2 ಹೊಡೆದು ಚೆಕ್ ಕೊಟ್ಟಳು. 6ನೇ ನಡೆ ಬಿಳಿ ರಾಜ ಎಫ್1, ಕಪ್ಪು ರಾಣಿ ಇ7. 7ನೇ ನಡೆ ಕುದುರೆ ಎಚ್8ರ ಆನೆ ಹೊಡೆಯಿತು, ಇವಳು ಡಿ5. 8ನೇ ನಡೆ ಬಿಳಿ ಕಾಲಾಳು ಡಿ5 ಹೊಡೆಯಿತು, ಇವಳ ಕುದುರೆ ಡಿ4. 9ನೇ ನಡೆ ರಾಜ ಎಫ್2ರ ಒಂಟೆ ಹೊಡೆದ, ಇವಳ ಇನ್ನೊಂದು ಕುದುರೆ ಇ4ಕ್ಕೆ ಚೆಕ್. 10ನೇ ನಡೆ ರಾಜ ಜಿ1, ಕಪ್ಪು ರಾಣಿ ಸಿ5. 11ನೇ ನಡೆ ಬಿಳಿ ಎಚ್3. ಇವಳ ಕುದುರೆ ಡಿ4ರಿಂದ ಎಫ್3ಕ್ಕೆ, ಡಬಲ್ ಚೆಕ್, ಅಂದರೆ ಕುದುರೆ, ರಾಣಿ ಎರಡರಿಂದಲೂ ಒಟ್ಟಿಗೇ ಚೆಕ್. ರಾಜ ಎಫ್1, ರಾಣಿ ಎಫ್2, ಮೇಟ್.

ಲೆಕ್ಕ ಹಾಕಿ ನೋಡಿ. ಕಪ್ಪು ಕಳೆದುಕೊಂಡದ್ದು ಒಂದು ಆನೆ, ಒಂದು ಒಂಟೆ, ಎರಡು ಕಾಲಾಳು. ಬಿಳಿ ಕಳೆದುಕೊಂಡದ್ದು ಒಂದೇ ಒಂದು ಕಾಲಾಳು, ಜೊತೆಗೆ ಆಟ.

ನಾನು ಕುಣಿದಾಡೋದೊಂದು ಬಾಕಿ. ಅವಳ ಕೋಚ್ ಶೀಟ್ ನೋಡಿದವರೇ ಮುಖ ಗಂಟು ಹಾಕಿಕೊಂಡರು. "ಇದು ಚೆಸ್ ಅಲ್ಲ, ಜೂಜು. ಇನ್ಮೇಲೆ ಇದನ್ನ ಆಡಬೇಡ" ಅಂದರು. ಅದೂ ಎಲ್ಲರ ಎದುರಿಗೆ. ಹುಡುಗಿ ಕಣ್ಣಲ್ಲಿ ನೀರು. ಉಳಿದ ಎರಡು ಸುತ್ತೂ ಸೋತಳು. ವಾಪಸ್ ಬರುವಾಗ ಬೆಣ್ಣೆ ದೋಸೆ ಕೊಡಿಸಿದೆ, ಅರ್ಧ ಬಿಟ್ಟಳು. ಗೆದ್ದ ಆಟಕ್ಕೆ ಅಳೋ ಮಗುವನ್ನು ನಾನು ನೋಡಿರಲಿಲ್ಲ.

ಕೋಚ್ ಹೇಳಿದ್ದು ಸರಿಯಾ? ತಿಳಿದವರು ಹೇಳಿ.

ಬೆಣ್ಣೆ ಜಾಸ್ತಿ
ಭಾನುವಾರ ರಾತ್ರಿ 9:52

ಅರ್ಧ ದೋಸೆ ಬಿಟ್ಟಳು ಅಂದ್ರೆ ವಿಷಯ ಗಂಭೀರವಾಗಿಯೇ ಇದೆ.

ಕೋಟೆ ಹುಡುಗ, ಚಿತ್ರದುರ್ಗ
ಭಾನುವಾರ ರಾತ್ರಿ 10:05

ಮಾಮ, ಮೊದಲು ಹುಡುಗಿಗೆ ನಮ್ಮ ದುರ್ಗದ ಕಡೆಯಿಂದ ಒಂದು ಶಹಬ್ಬಾಸ್.

ನಮ್ಮ ಹುಡುಗರಿಗೆ ಎಫ್7 ಅಂದ್ರೆ ಏನು ಅಂತ ನಾನು ಹೇಳಿಕೊಡೋದು ಹೀಗೆ: ಏಳು ಸುತ್ತಿನ ಕೋಟೆಯಲ್ಲಿ ಒಂದು ಕಿಂಡಿ ಇತ್ತಲ್ಲ, ಅದು. ಆಟದ ಶುರುವಿನಲ್ಲಿ ಆ ಮನೆಗೆ ರಾಜ ಒಬ್ಬನೇ ಕಾವಲು, ಬೇರೆ ಯಾವ ಕಾಯಿಯ ಬೆಂಬಲವೂ ಇಲ್ಲ. ವೈರಿ ನುಗ್ಗೋದು ಅಲ್ಲಿಂದಲೇ. ಬುದ್ಧಿವಂತರು ಒನಕೆ ಹಿಡಿದು ಕಿಂಡಿ ಬಾಯಲ್ಲಿ ನಿಲ್ಲುತ್ತಾರೆ, ಅದೇ ಡಿ5. ನಿಮ್ಮ ಸೊಸೆ ಏನು ಮಾಡಿದಳು? ಕಿಂಡಿ ತೆರೆದೇ ಇಟ್ಟು, ತಾನೇ ಎದುರಾಳಿಯ ಕಿಂಡಿಗೆ ನುಗ್ಗಿದಳು. ಬಿಳಿಯ ಎಫ್2 ಕೂಡ ಅಂಥದ್ದೇ ಮನೆ ಅಲ್ವಾ?

ಈ ಕುದುರೆ ಜಿ5 ದಾಳಿ ಈಗ ಮಕ್ಕಳಲ್ಲಿ ಸಿಕ್ಕಾಪಟ್ಟೆ. 'ಫ್ರೈಡ್ ಲಿವರ್' ಅಂತ ವಿಡಿಯೋ ನೋಡಿಕೊಂಡು ಬರುತ್ತಾರೆ. ಡಿ5 ಆಡಿ, ಬಿಳಿ ಕಾಲಾಳನ್ನು ಕುದುರೆಯಿಂದ ವಾಪಸ್ ಹೊಡೆದ್ರೆ ಕುದುರೆ ಎಫ್7ರಲ್ಲಿ ಬಲಿ ಬೀಳುತ್ತೆ, ಕಪ್ಪು ರಾಜ ಬೀದಿಗೆ ಬರುತ್ತಾನೆ. ಆ ಹಾವಳಿಗೆ ಟ್ರಾಕ್ಸ್ಲರ್ ಒಳ್ಳೆ ಮದ್ದು.

ಗಣಿತ ಮೇಷ್ಟ್ರು, ಹರಿಹರ
ಭಾನುವಾರ ರಾತ್ರಿ 10:31

ಎಲ್ಲರೂ ಶಹಬ್ಬಾಸ್ ಅನ್ನೋ ಮೊದಲು ಸ್ವಲ್ಪ ಬೋರ್ಡ್ ಹಾಕಿಕೊಂಡು ನೋಡಿ. ನಾನು ಹಾಕಿಕೊಂಡೇ ಬರೆಯುತ್ತಿದ್ದೇನೆ.

ಮೊದಲನೆಯದು, 5ನೇ ನಡೆಗೆ ಬಿಳಿ ಕುದುರೆಯಲ್ಲಿ ಹೊಡೆದದ್ದೇ ಅತಿಯಾಸೆ. ಒಂಟೆಯಲ್ಲಿ ಎಫ್7 ಹೊಡೆದು ಚೆಕ್ ಕೊಡಬೇಕಿತ್ತು. ಕಪ್ಪು ರಾಜ ಇ7ಕ್ಕೆ ಬರುತ್ತಾನೆ, ಅಲ್ಲಿಗೆ ಕ್ಯಾಸಲಿಂಗ್ (ರಾಜನನ್ನು ಆನೆಯ ಕಡೆ ಭದ್ರವಾಗಿ ಇಡೋ ನಡೆ) ಹೋಯಿತು. ಒಂಟೆ ಸದ್ದಿಲ್ಲದೆ ಬಿ3ಕ್ಕೆ ವಾಪಸ್. ಕೈಯಲ್ಲಿ ಒಂದು ಕಾಲಾಳು ಲಾಭ. ಅಷ್ಟು ಸಾಕು. ಟ್ರಾಕ್ಸ್ಲರ್ ಆಡುವವರಿಗೆ ಈ ಉತ್ತರವೇ ದೊಡ್ಡ ತಲೆನೋವು.

ಎರಡನೆಯದು, 9ನೇ ನಡೆಗೆ ರಾಜನಿಂದ ಒಂಟೆ ಹೊಡೆಯಬಾರದಿತ್ತು. ಪುಸ್ತಕದಲ್ಲಿ ಇರೋದು ಕಾಲಾಳು ಡಿ6.

ಮೂರನೆಯದು ಮುಖ್ಯ. 11ನೇ ನಡೆಗೆ ಎಚ್3 ಬದಲು ರಾಣಿ ಎಚ್5, ಚೆಕ್! ಆ ಕರ್ಣ ಪೂರ್ತಿ ಖಾಲಿ ಬಿದ್ದಿದೆ. ಕಪ್ಪು ಜಿ6 ಅಡ್ಡ ಹಾಕಿದರೆ ಎಚ್8ರ ಕುದುರೆ ಜಿ6 ಹೊಡೆಯುತ್ತೆ, ಕಪ್ಪಿನ ಮನೆ ಕುಸಿಯಿತು. ಅಂದರೆ ನಿಮ್ಮ ಹುಡುಗಿ ಸೋಲುವ ಆಟ ಗೆದ್ದಿದ್ದಾಳೆ. ಕೋಚ್ ಹೇಳಿದ್ದರಲ್ಲಿ ತಪ್ಪೇನಿದೆ?

ಕೋಟೆ ಹುಡುಗ, ಚಿತ್ರದುರ್ಗ
ಭಾನುವಾರ ರಾತ್ರಿ 10:48

ಮೇಷ್ಟ್ರೇ, ಬೋರ್ಡ್ ಇನ್ನೂ ಎತ್ತಿಟ್ಟಿಲ್ಲ ತಾನೇ? ನಿಮ್ಮ ಕುದುರೆ ಜಿ6ಕ್ಕೆ ಬಂದ ಮೇಲೆ ಇನ್ನೊಮ್ಮೆ ನೋಡಿ. ರಾಣಿಯ ದಾರಿಗೆ ನಿಮ್ಮ ಕುದುರೆಯೇ ಅಡ್ಡ ನಿಂತಿದೆ. ಅದು ಚೆಕ್ ಅಲ್ಲ. ಕಪ್ಪಿನ ಕೈ ಖಾಲಿ ಇದೆ. ಕುದುರೆ ಎಫ್3, ಡಬಲ್ ಚೆಕ್. ರಾಜ ಎಫ್1, ರಾಣಿ ಎಫ್2, ಮೇಟ್. ಅದೇ ಸಿನಿಮಾ, ಒಂದು ಸೀನ್ ಜಾಸ್ತಿ ಅಷ್ಟೇ.

ಗಣಿತ ಮೇಷ್ಟ್ರು, ಹರಿಹರ
ಭಾನುವಾರ ರಾತ್ರಿ 11:10

ಹೌದು. ತಪ್ಪಾಯಿತು. ಮಕ್ಕಳಿಗೆ ದಿನಾ 'ಹಂತ ಬಿಡಬೇಡಿ' ಅಂತ ಹೇಳೋನು ನಾನೇ.

ಆದರೂ ರಾಣಿ ಎಚ್5 ಬಿಡಲ್ಲ. ಜಿ6 ಬಂದ ಮೇಲೆ ಕುದುರೆ ಮುಟ್ಟಬಾರದು. ರಾಣಿಯೇ ಇ5ರ ಕಾಲಾಳು ಹೊಡೆದು ಮತ್ತೆ ಚೆಕ್. ಸಿ5ರ ಕಪ್ಪು ರಾಣಿಗೆ ಅಲ್ಲಿ ಕೈ ಎಟುಕಲ್ಲ, ನಡುವೆ ಡಿ5ರ ಬಿಳಿ ಕಾಲಾಳು ಇದೆ. ಮುಂದಿನ ನಡೆಗೆ ಇ4ರ ಕುದುರೆ ರಾಣಿಯ ಬಾಯಿಗೆ. ಆ ಕುದುರೆ ಹೋದರೆ ಎಫ್2ರಲ್ಲಿ ಮೇಟ್ ಇಲ್ಲ, ರಾಜನೇ ರಾಣಿಯನ್ನು ಹೊಡೆಯುತ್ತಾನೆ.

ಜಿ6 ಬದಲು ರಾಜ ಡಿ8ಕ್ಕೆ ಓಡಿದರೆ ರಾಣಿ ಎಚ್4 ಚೆಕ್, ಆಮೇಲೆ ಅದೇ ಸಾಲಿನಲ್ಲಿ ಹೋಗಿ ಇ4. ಎಫ್8ಕ್ಕೆ ಓಡಿದರಂತೂ ರಾಣಿ ಎಫ್7, ಅಲ್ಲೇ ಮೇಟ್, ಎಚ್8ರ ಕುದುರೆ ಬೆಂಬಲಕ್ಕಿದೆ. ಈ ಸಲ ಸ್ಟಾಕ್‌ಫಿಶ್ ಅನ್ನೋ ಚೆಸ್ ಕಂಪ್ಯೂಟರ್ ಪ್ರೋಗ್ರಾಂಗೂ ತೋರಿಸಿದೆ, ಅದೂ ಎಚ್5 ಅನ್ನುತ್ತೆ.

ಸುಮ್ನೆ ಓದೋನು
ಭಾನುವಾರ ರಾತ್ರಿ 11:35

ಎರಡು ವರ್ಷದಿಂದ ಇಲ್ಲಿ ಓದ್ತಾ ಇದ್ದೇನೆ, ಇದು ಮೊದಲ ಪೋಸ್ಟ್.

ಈ ಆಟದ ಮೂಲ ಯಾರಾದ್ರೂ ಹೇಳ್ತಾರೇನೋ ಅಂತ ಕಾದೆ. ಕರೆಲ್ ಟ್ರಾಕ್ಸ್ಲರ್ ಚೆಕ್ ದೇಶದ ಒಬ್ಬ ಕ್ಯಾಥೊಲಿಕ್ ಪಾದ್ರಿ. ಚೆಸ್ ಸಮಸ್ಯೆಗಳನ್ನು ಕಟ್ಟೋದರಲ್ಲಿ ಎತ್ತಿದ ಕೈ. 1890ರಲ್ಲಿ ರೈನಿಶ್ ಎಂಬುವರ ಎದುರು ಕಪ್ಪು ಕಾಯಿಯಲ್ಲಿ ಇದೇ ಒಂಟೆ ಸಿ5 ಆಡಿದರು. ಅಮೆರಿಕದವರು ಇದಕ್ಕೆ ಪೆನ್ಸಿಲ್ವೇನಿಯಾದ ಒಂದು ಊರಿನ ಹೆಸರಿಟ್ಟು ವಿಲ್ಕ್ಸ್-ಬ್ಯಾರಿ ಅಂತ ಕರೀತಾರೆ.

ಆ ಆಟದಲ್ಲಿ ಬಿಳಿ ರಾಜ ಎಫ್1ಕ್ಕೆ ಹೋಗಲಿಲ್ಲ, ಇ2ಕ್ಕೆ ಬಂದ. ಅಲ್ಲಿಂದ ಡಿ3, ಸಿ3, ಬಿ4, ಬಿ5, ಎ5. ಮತ್ತೆ ಬಿ4, ಎ4, ಕೊನೆಗೆ ಇನ್ನೊಮ್ಮೆ ಬಿ4. ತನ್ನ ಮನೆ ಬಿಟ್ಟು ವೈರಿಯ ಹಿತ್ತಲವರೆಗೂ ರಾಜ ಬರಿಗಾಲಲ್ಲಿ ನಡೆದ. ದಾರಿಯಲ್ಲಿ ಕಪ್ಪಿನ ರಾಣಿ, ಎರಡೂ ಕುದುರೆ ಬಿಳಿಗೆ ಬಲಿ. 17ನೇ ನಡೆಗೆ ಸಿ7ರಲ್ಲಿ ಅಲ್ಲಿವರೆಗೆ ಮಲಗಿದ್ದ ಕಾಲಾಳು ಎರಡು ಮನೆ ಮುಂದೆ ಬಂದು ಸಿ5, ಮೇಟ್. ಒಂದು ಕಾಲಾಳು! ಬೋರ್ಡ್ ಮೇಲೆ ಆಡಿ ನೋಡಿ. ನಾನು ಮೊದಲ ಸಲ ನೋಡಿದ ದಿನ ರಾತ್ರಿ ಮೂರು ಸಲ ಆಡಿಸಿದೆ.

ಕೋಚ್ ಜೂಜು ಅಂದಿದ್ದಕ್ಕೆ ನನ್ನ ಆಕ್ಷೇಪ ಇರೋದು ಇಲ್ಲೇ. ಬಲಿ ಕೊಡೋಕೆ ಹೆದರದ ಮಕ್ಕಳು ಸಿಗೋದು ಕಷ್ಟ. ಲೆಕ್ಕ ಆಮೇಲೆ ಕಲಿಸಬಹುದು.

ನಿಟುವಳ್ಳಿ ಅಮ್ಮ
ಸೋಮವಾರ ಬೆಳಿಗ್ಗೆ 6:20

ನನ್ನ ಮಗನೂ ನಿನ್ನೆ ಅಲ್ಲೇ ಆಡಿದ. ಡಬ್ಬಿ ಕಟ್ಟೋ ಮಧ್ಯೆ ಬರೀತಿದೀನಿ, ತಪ್ಪಿದ್ರೆ ಕ್ಷಮಿಸಿ.

ಎಲ್ಲರ ಎದುರು ಬೈದದ್ದು ತಪ್ಪು, ಒಪ್ಪಿದೆ. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಆದ್ರೆ ಹೇಳಿದ ಮಾತು? ನನ್ನ ಮಗ ಎರಡು ವರ್ಷ ನಾಲ್ಕು ನಡೆಯ ಮೇಟ್ ಹಿಡಿದುಕೊಂಡೇ ಕಪ್ ತಂದ. ಮನೆ ತುಂಬ ಪ್ಲಾಸ್ಟಿಕ್ ಕಪ್ಪು. ಆಮೇಲೆ ರೇಟಿಂಗ್ ಟೂರ್ನಿಗೆ ಹೋದ, ಅಲ್ಲಿ ಯಾರೂ ಬೀಳಲಿಲ್ಲ. ಒಂದು ಆನೆ ಎಂಡಿಂಗ್ ಆಡೋಕೆ ಬರ್ತಿರಲಿಲ್ಲ ಅವನಿಗೆ. ಒಂದು ವರ್ಷ ಬೋರ್ಡ್ ಮುಟ್ಟಲಿಲ್ಲ.

ಇನ್ನೊಂದು. 'ಆಡಬೇಡ' ಅಂದದ್ದಕ್ಕಿಂತ 'ಯಾಕೆ ಆಡಬಾರದು' ಅಂತ ಬೋರ್ಡ್ ಮೇಲೆ ತೋರಿಸಿದ್ರಾ? ಆ ಎಚ್5 ತೋರಿಸಿದ್ರಾ? ಮಾಮ, ಇದು ನೀವು ಹೇಳಿಲ್ಲ.

ಬೆಣ್ಣೆ ಜಾಸ್ತಿ
ಸೋಮವಾರ ಬೆಳಿಗ್ಗೆ 8:15

ನನಗೆ ಚೆಸ್ ಅಷ್ಟಕ್ಕಷ್ಟೇ. ಒಂದು ಪ್ರಶ್ನೆ. ಕಪ್ಪಲ್ಲಿ ಗೆದ್ದಳು, ಕಪ್ಪಲ್ಲಿ ಗೆದ್ದಳು ಅಂತೀರಲ್ಲ, ಬಣ್ಣ ಯಾವುದಾದ್ರೆ ಏನು? ಇನ್ನೊಂದು, ನಮ್ಮಜ್ಜ ರಾಣಿಗೆ ಮಂತ್ರಿ ಅಂತಿದ್ದ. ಯಾವುದು ಸರಿ?

ಕೋಟೆ ಹುಡುಗ, ಚಿತ್ರದುರ್ಗ
ಸೋಮವಾರ ಬೆಳಿಗ್ಗೆ 8:40

ಎರಡೂ ಸರಿ. ನಿಮ್ಮಜ್ಜ ಹೇಳಿದ್ದು ನಮ್ಮ ಹಳೇ ಚದುರಂಗದ ಹೆಸರು.

ಬಣ್ಣದ ವಿಷಯ: ಬಿಳಿಗೆ ಮೊದಲ ನಡೆ ಸಿಗುತ್ತೆ, ಒಂದು ಹೆಜ್ಜೆ ಮುಂದೆ. ದೊಡ್ಡವರ ಆಟದಲ್ಲಿ ಕಪ್ಪು ಡ್ರಾ ಮಾಡಿದ್ರೂ ನೆಮ್ಮದಿ. ಅದಕ್ಕೇ ಕಪ್ಪಲ್ಲಿ ಗೆದ್ದ ಆಟ ಜನರ ನೆನಪಲ್ಲಿ ಉಳಿಯುತ್ತೆ. 2010ರಲ್ಲಿ ಸೋಫಿಯಾದಲ್ಲಿ ಆನಂದ್ ಟೋಪಲೋವ್ ಎದುರು 12ನೇ, ಕೊನೆಯ ಆಟ ಕಪ್ಪಲ್ಲಿ ಗೆದ್ದು ಪಟ್ಟ ಉಳಿಸಿಕೊಂಡರು. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಗುಕೇಶ್ ಡಿಂಗ್ ಲಿರೆನ್ ಎದುರು 14ನೇ ಆಟ ಗೆದ್ದು ವಿಶ್ವ ಚಾಂಪಿಯನ್ ಆದದ್ದೂ ಕಪ್ಪಲ್ಲೇ. ಆಗ ಅವನಿಗೆ 18 ವರ್ಷ. ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟು ಎಡವಿದ್ದು. ನೋಡಿ, ಅಲ್ಲೂ ಎಫ್2! (ಅಲ್ಲಿನ ಕಥೆ ಬೇರೆ, ಮೇಷ್ಟ್ರು ಬೈಯೋ ಮೊದಲೇ ಹೇಳಿಬಿಡ್ತೀನಿ.)

ಎಚ್3 ಆಡಿದವನು
ಸೋಮವಾರ ಮಧ್ಯಾಹ್ನ 1:25

ನಮಸ್ಕಾರ. ಈ ಹೆಸರಲ್ಲಿ ಈಗಷ್ಟೇ ಖಾತೆ ತೆರೆದೆ. ಆಫೀಸಲ್ಲಿ ಊಟದ ಹೊತ್ತು. ಒಬ್ಬ ಗೆಳೆಯ ಈ ಚರ್ಚೆ ಕಳಿಸಿ "ಇದು ನೀನೇ ಅಲ್ವೇನೋ" ಅಂತ ನಗುವ ಮುಖ ಹಾಕಿದ್ದ.

ಹೌದ್ರೀ, ನಾನೇ.

ಎಚ್3 ಯಾಕೆ ಆಡಿದೆ ಅಂತ ಯಾರೂ ಕೇಳಿಲ್ಲ, ನಾನೇ ಹೇಳ್ತೀನಿ. ಅವಳ ಬಿಳಿ ಮನೆಯ ಒಂಟೆ ಜಿ4ಕ್ಕೆ ಬಂದು ನನ್ನ ರಾಣಿ ಮೇಲೆ ಬೀಳುತ್ತೆ ಅನ್ನೋದೇ ತಲೆಯಲ್ಲಿ ಕೂತಿತ್ತು. ಎಚ್3 ಆಡಿದ್ರೆ ಅದಕ್ಕೂ ತಡೆ, ರಾಜನಿಗೆ ಎಚ್2ರಲ್ಲಿ ಒಂದು ಕಿಟಕಿ. ಒಂದು ಕಲ್ಲಿಗೆ ಎರಡು ಹಣ್ಣು ಅಂದುಕೊಂಡೆ. ಕುದುರೆ ಎಫ್3ಕ್ಕೆ ಬಂದ್ರೆ ಅದೇ ಕುದುರೆ ಎಚ್2 ಕಿಟಕಿಯನ್ನೂ ಮುಚ್ಚುತ್ತೆ ಅಂತ ಹೊಳೆಯಲೇ ಇಲ್ಲ. ಎಚ್5 ಕಂಡಿರಲಿಲ್ಲ. ಒಂದು ಆನೆ, ಒಂದು ಒಂಟೆ ಜಾಸ್ತಿ ಇದ್ದವನಿಗೆ ದಾಳಿ ಮಾಡೋ ಯೋಚನೆ ಬರಲ್ಲ ನೋಡಿ, ಬಚ್ಚಿಟ್ಟುಕೊಳ್ಳೋ ಯೋಚನೆ ಬರುತ್ತೆ.

ಅವಳು ಕುದುರೆ ಎಫ್3ಕ್ಕೆ ಇಟ್ಟಾಗ ನಾನು ಖುಷಿಯಾಗಿ ಜಿ2ರ ಕಾಲಾಳು ಎತ್ತಿದೆ, ಕುದುರೆ ಹೊಡೆಯೋಣ ಅಂತ. ಕಾಲಾಳು ಇನ್ನೂ ಬೆರಳಲ್ಲೇ ಇತ್ತು, ಆಗ ಸಿ5ರಿಂದ ರಾಣಿ ನನ್ನ ರಾಜನನ್ನು ನೋಡ್ತಾ ಇರೋದು ಕಂಡಿತು. ಎರಡೂ ಕಡೆಯಿಂದ ಚೆಕ್. ಕಾಲಾಳು ವಾಪಸ್ ಇಟ್ಟೆ. ಮುಟ್ಟಿದ ಕಾಯಿ ನಡೆಸಬೇಕು ಅಂತ ನಿಯಮ, ಆದರೆ ಅದನ್ನು ನಡೆಸೋಕೆ ಸರಿಯಾದ ನಡೆಯೇ ಇರಲಿಲ್ಲ. ಸಾರಿ ಅಂದೆ. "ಪರವಾಗಿಲ್ಲ ಅಂಕಲ್" ಅಂದಳು, ತಲೆ ಎತ್ತದೆ. ಅವಳ ಕೈ ನಡುಗ್ತಾ ಇತ್ತು. ಗೆಲ್ಲೋ ಹುಡುಗಿ ಕೈ ಯಾಕೆ ನಡುಗಬೇಕು ಅಂತ ಆಗಲೇ ಅನಿಸಿತು.

ಮಾಮ, ಅವಳಿಗೆ ಹೇಳಿ. ನಾನು ಇಪ್ಪತ್ತು ವರ್ಷದಿಂದ ಆಡ್ತಿದೀನಿ. ಅಂಥ ಮೇಟ್ ನನ್ನ ಮೇಲೆ ಬಿದ್ದದ್ದು ಇದೇ ಮೊದಲು. ಶೀಟ್ ಜೋಪಾನವಾಗಿ ಇಟ್ಟಿದ್ದೀನಿ.

ನಿಟುವಳ್ಳಿ ಅಮ್ಮ
ಸೋಮವಾರ ಮಧ್ಯಾಹ್ನ 2:02

ಇಂಥ ಎದುರಾಳಿ ಎಲ್ಲರಿಗೂ ಸಿಗಲಿ. ನನ್ನ ಮಗನಿಗೆ ಸೋತವರೊಬ್ಬರು ಕೈ ಕೂಡ ಕೊಡದೆ ಎದ್ದು ಹೋದ್ರು.

ಮಂಡಕ್ಕಿ ಮಾಮ, ದಾವಣಗೆರೆ
ಸೋಮವಾರ ರಾತ್ರಿ 8:50

ಇಷ್ಟು ಜನ ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಎಚ್3 ಆಡಿದ ಸಾರ್, ನಿಮಗೆ ವಿಶೇಷವಾಗಿ.

ಸಂಜೆ ಅಕ್ಕನ ಮನೆಗೆ ಹೋಗಿ ಹುಡುಗಿಗೆ ಎಲ್ಲವನ್ನೂ ಓದಿ ಹೇಳಿದೆ. ಮೇಷ್ಟ್ರ ಎಚ್5 ಓದಿದಾಗ "ಗೊತ್ತು ಮಾಮ" ಅಂದಳು. ನಾನು ಕೋಚ್ ಹೇಳಿಕೊಟ್ಟಿರಬೇಕು ಅಂದುಕೊಂಡೆ. ಅಲ್ವಂತೆ. ರಾಣಿಯನ್ನು ಸಿ5ಕ್ಕೆ ಇಟ್ಟು ಕ್ಲಾಕ್ ಒತ್ತಿದ ಮರುಕ್ಷಣವೇ ಅವಳಿಗೆ ಎಚ್5 ಕಂಡಿತಂತೆ. ಆಮೇಲೆ ನಿಮ್ಮ ಯೋಚನೆ ಮುಗಿಯೋವರೆಗೂ ಆ ಮನೆ ಕಡೆ ನೋಡಬಾರದು, ನೋಡಿದ್ರೆ ಅಂಕಲ್‌ಗೆ ಗೊತ್ತಾಗುತ್ತೆ ಅಂತ ತನ್ನ ಪೆನ್ ಕ್ಯಾಪ್ ನೋಡ್ತಾ ಕೂತಿದ್ದಳಂತೆ. ನಡುಗಿದ್ದು ಅದಕ್ಕೇ.

ಕೋಚ್ ಬೈದದ್ದಕ್ಕೆ ಅತ್ತದ್ದೂ ಅಲ್ಲ. "ಅವರು ಹೇಳಿದ್ದು ನನಗೆ ಮೊದಲೇ ಗೊತ್ತಿತ್ತು, ಆದ್ರೂ ಎಲ್ಲರೂ ಚಪ್ಪಾಳೆ ತಟ್ಟಿದ್ರು" ಅಂದಳು. ನನಗೆ ಏನು ಹೇಳಬೇಕು ತೋಚಲಿಲ್ಲ. ಚಪ್ಪಾಳೆ ಶುರು ಮಾಡಿದವನೇ ನಾನು.

ಇನ್ನೊಂದು ವಿಷಯ. ಅವಳು ನಿನ್ನೆ ರಾತ್ರಿಯಿಂದ ಬೋರ್ಡ್ ಎತ್ತಿಟ್ಟಿಲ್ಲ. 10ನೇ ನಡೆಗೆ ರಾಣಿಯನ್ನು ಸಿ5ಕ್ಕೆ ಇಡಬಾರದಿತ್ತಂತೆ, ಎಫ್6ಕ್ಕೆ ಇಡಬೇಕಿತ್ತಂತೆ. ಅಲ್ಲಿಂದ ಎಫ್2ರಲ್ಲಿ ನೇರವಾಗಿ ಮೇಟ್ ಬೆದರಿಕೆ, ಡಬಲ್ ಚೆಕ್ ಕೂಡ ಬೇಡ. ಆಗ ಬಿಳಿ ರಾಣಿ ಎಚ್5 ಚೆಕ್ ಕೊಟ್ಟರೆ ಜಿ6. ಕುದುರೆ ಜಿ6 ಹೊಡೆದರೆ ರಾಣಿ ಎಫ್2, ಮೇಟ್. ರಾಣಿ ಇ5 ಹೊಡೆದರೆ ಎಫ್6ರ ರಾಣಿ ಅದನ್ನೇ ತಿನ್ನುತ್ತೆ, ನಡುವೆ ಯಾವ ಕಾಲಾಳೂ ಇಲ್ಲ. ಮೇಷ್ಟ್ರೇ, ದಯವಿಟ್ಟು ನೋಡಿ ಹೇಳಿ. ಯಂತ್ರ ಹಾಕಿಲ್ಲ, ಅವಳೇ ಹುಡುಕಿದ್ದು.

ಗಣಿತ ಮೇಷ್ಟ್ರು, ಹರಿಹರ
ಸೋಮವಾರ ರಾತ್ರಿ 9:25

ನೋಡಿದೆ. ಎಚ್5ಕ್ಕೆ ಉತ್ತರ ಪಕ್ಕಾ. ಎರಡು ಸಲ ನೋಡಿದೆ, ಈ ಸಲ ಹಂತ ಬಿಟ್ಟಿಲ್ಲ.

ಆದರೆ ಬಿಳಿಗೆ ಬೇರೆ ದಾರಿ ಇದೆ. ಅದನ್ನು ನಾನು ಹೇಳಲ್ಲ. ಇಬ್ಬರೂ ಇಲ್ಲೇ ಇದ್ದೀರಲ್ಲ.

ಎಚ್3 ಆಡಿದವನು
ಸೋಮವಾರ ರಾತ್ರಿ 10:12

ಊಟ ಮುಗಿಸಿ ನಾನೂ ಬೋರ್ಡ್ ಹಾಕಿದೆ. 10ನೇ ನಡೆಗೆ ಅವಳ ರಾಣಿ ಎಫ್6ರಲ್ಲಿದೆ ಅಂತಲೇ ಇಟ್ಟುಕೊಳ್ಳೋಣ. ಈ ಸಲ ಎಚ್3 ಇಲ್ಲ.

ನನ್ನ 11ನೇ ನಡೆ ರಾಣಿ ಎಫ್1. ಅವಳ ಸರದಿ. ಗಡಿಯಾರ ಇಲ್ಲ, ಸ್ಕೂಲಿಗೆ ಹೋಗಿ ಬಂದು ಆಡಲಿ.

ಮಂಡಕ್ಕಿ ಮಾಮ, ದಾವಣಗೆರೆ
ಸೋಮವಾರ ರಾತ್ರಿ 10:20

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಮಲಗಿದ್ದವಳು ಎದ್ದು ಕೂತಿದ್ದಾಳಂತೆ. ಅಕ್ಕ ನನಗೆ ಬೈತಿದ್ದಾಳೆ.